ಹಳೇ ಗುಡಿ ಸೋರುತ್ತಿದೆ, ಚಂದಾ ಹಣ ಕೈಯಲ್ಲಿದೆ: ಏನು ಮಾಡಿಸಬೇಕು?

ಪ್ರಶ್ನೆ: ನಮ್ಮೂರಿನ ಈಶ್ವರನ ಗುಡಿ ಹೊಯ್ಸಳರ ಕಾಲದ್ದು ಅಂತಾರೆ. ಮಳೆ ಬಂದರೆ ಸೋರುತ್ತೆ. ಊರವರೆಲ್ಲ ಸೇರಿ ಚಂದಾ ಎತ್ತಿದ್ದೇವೆ. ಆದರೆ ಸಿಮೆಂಟು, ಪೇಂಟು, ಗ್ರಾನೈಟ್ ಯಾವುದೂ ಬೇಡ, ಪರಂಪರೆ ಹಾಳಾಗುತ್ತೆ ಎಂದು ಕೆಲವರು ತಡೆಯುತ್ತಿದ್ದಾರೆ. ಪೂಜೆ ನಡೆಯೋ ಗುಡಿ ಮ್ಯೂಸಿಯಂ ಅಲ್ಲವಲ್ಲ. ಚೆನ್ನಾಗಿ ಮಾಡಿಸಿದರೆ ತಪ್ಪೇನು?

ಉತ್ತರ: ರಿಪೇರಿ ಮಾಡಿಸುವುದು ತಪ್ಪಲ್ಲ. ಸೋರುವ ಗುಡಿಯನ್ನು ಹಾಗೇ ಬಿಡುವುದೇ ತಪ್ಪು. ಪೂಜೆ ನಡೆಯುವ ಗುಡಿ ಮ್ಯೂಸಿಯಂ ಅಲ್ಲ ಎನ್ನುವ ನಿಮ್ಮ ಮಾತನ್ನೂ ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಗುಡಿಗಳು ಯಾವ ಕಾಲದಲ್ಲೂ ಕಟ್ಟಿದಂತೆಯೇ ಉಳಿದಿಲ್ಲ. ಬೇಲೂರಿನ ಗುಡಿಯನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ. ಅದರ ಗೋಪುರ ಹಾಳಾದಾಗ 1397ರಲ್ಲಿ ವಿಜಯನಗರದ ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ. ಹಂಪಿಯ ವಿರೂಪಾಕ್ಷ ಗುಡಿ ಎಷ್ಟೋ ಹಳೆಯದು, ಅದರ ರಂಗಮಂಟಪ ಮಾತ್ರ ಕೃಷ್ಣದೇವರಾಯ 1510ರಲ್ಲಿ ಸೇರಿಸಿದ್ದು. ಇವರೆಲ್ಲ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಸೇರಿಸಿದರು. ಏನು ಮಾಡಿಸಿದೆವು ಎಂದು ಶಾಸನದಲ್ಲಿ ಬರೆಸಿಟ್ಟರು ಕೂಡ.

ಹಾಗಾದರೆ ಪರಂಪರೆ ಇರುವುದು ಕಲ್ಲಿನಲ್ಲೋ, ಪೂಜೆಯಲ್ಲೋ? ಜಗತ್ತಿನಾದ್ಯಂತ ಇದಕ್ಕೆ ಜಗಳವೇ ನಡೆದಿದೆ. 1964ರಲ್ಲಿ ವೆನಿಸ್‌ನಲ್ಲಿ ಸೇರಿದ ತಜ್ಞರು ಹಳೆಯ ವಸ್ತುವನ್ನೇ ಕಾಪಾಡಬೇಕು, ಊಹೆಯ ಮೇಲೆ ಏನನ್ನೂ ಕಟ್ಟಬಾರದು ಎಂದರು. ಯುರೋಪಿನ ಕಲ್ಲಿನ ಕಟ್ಟಡಗಳಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಜಪಾನಿನ ಇಸೆ ದೇಗುಲದ ಕಥೆ ಬೇರೆ. ಅದು ಮರದ್ದು. 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಕಟ್ಟಿದ್ದು 62ನೇ ಸಲ. ಅಲ್ಲಿ ಹಳೇ ಮರ ಉಳಿಯುವುದಿಲ್ಲ, ಬಡಗಿಯ ವಿದ್ಯೆ ಉಳಿಯುತ್ತದೆ. 1994ರಲ್ಲಿ ಜಪಾನಿನದೇ ಊರಾದ ನಾರಾದಲ್ಲಿ ಸೇರಿದ ತಜ್ಞರು, ಯಾವುದು ಅಸಲಿ ಎನ್ನುವುದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ತೀರ್ಮಾನಿಸಬೇಕು ಎಂದು ಒಪ್ಪಿದರು.

ಇಸೆಯನ್ನು ತೋರಿಸಿ ನಾವೂ ಕೆಡವಿ ಕಟ್ಟೋಣ ಅನ್ನುವವರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಅದೇ ಕೆಲಸ ಕಲಿಸುತ್ತಾ ಬಂದಿದ್ದಾರೆ. ಹೊಯ್ಸಳರ ಶಿಲ್ಪಿಗಳ ಹಾಗೆ ಬಳಪದ ಕಲ್ಲಿನ ಮೇಲೆ ಕೆಲಸ ಮಾಡುವ ಗುಂಪು ನಿಮ್ಮೂರಲ್ಲಿ ಇವತ್ತು ಇದೆಯಾ? ಇಲ್ಲ ಅಲ್ವಾ? ಹಾಗಿದ್ದಾಗ ಆ ವಿದ್ಯೆಗೆ ಉಳಿದಿರುವ ಸಾಕ್ಷಿ ಆ ಕಲ್ಲು ಒಂದೇ. ಅದನ್ನು ತೆಗೆದು ಕಾಂಕ್ರೀಟ್ ಹಾಕಿದರೆ ಕಲ್ಲೂ ಹೋಯಿತು, ವಿದ್ಯೆಯೂ ಹೋಯಿತು. ಪೂಜೆ, ಜಾತ್ರೆ, ಉತ್ಸವದ ವಿಷಯದಲ್ಲಿ ಮಾತ್ರ ಇಸೆಯ ದಾರಿಯೇ ಸರಿ. ಅವು ಪ್ರತಿ ವರ್ಷ ಮಾಡುತ್ತಾ ಇದ್ದರೇ ಉಳಿಯುವಂಥವು. ಕಲ್ಲನ್ನು ಉಳಿಸುವ ಹೆಸರಿನಲ್ಲಿ ಜನರನ್ನೇ ದೂರ ಮಾಡಿದರೆ ಅದೂ ಅನ್ಯಾಯ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿದ್ದವರ ಮನೆ, ಅಂಗಡಿಗಳನ್ನು ಕೆಡವಿದರು. ಪಾರಂಪರಿಕ ಬೀದಿ ಉಳಿಸಬೇಕು ಎನ್ನುವುದು ಕಾರಣ. ಬೀದಿಗೆ ಜೀವ ಕೊಟ್ಟಿದ್ದವರು ಆ ಲೆಕ್ಕಕ್ಕೆ ಬರಲಿಲ್ಲ ಎನ್ನುವ ನೋವು ನನಗೆ ಇವತ್ತಿಗೂ ಇದೆ.

ಈಗ ನಿಮ್ಮ ಸಿಮೆಂಟಿನ ವಿಷಯ. ಹಳೇ ಗುಡಿಯ ತಾರಸಿಗೆ ಹಾಕುತ್ತಿದ್ದದ್ದು ಸುಣ್ಣದ ಗಾರೆ. ಸುಣ್ಣ, ಮರಳು, ಇಟ್ಟಿಗೆ ಪುಡಿಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಚೆನ್ನಾಗಿ ಅರೆಯುತ್ತಿದ್ದರು. ಇಂಥ ಗಾರೆ ಒಳಗೆ ಸೇರಿದ ತೇವವನ್ನು ಮತ್ತೆ ಹೊರಗೆ ಬಿಡುತ್ತದೆ. ಗೋಡೆ ಸ್ವಲ್ಪ ಅಲುಗಿದರೂ ತಡೆದುಕೊಳ್ಳುತ್ತದೆ. ಸಿಮೆಂಟು ಗಟ್ಟಿ, ಬಿಗಿ. ಅದರ ಹಿಂದೆ ಸೇರಿದ ನೀರಿಗೆ ಹೊರಬರಲು ದಾರಿ ಇಲ್ಲದೆ ಮೆತ್ತಗಿನ ಕಲ್ಲಿನ ಮೂಲಕವೇ ಬರುತ್ತದೆ. ಬರುವಾಗ ಉಪ್ಪನ್ನೂ ತರುತ್ತದೆ. ಆ ಉಪ್ಪು ಕಲ್ಲಿನ ಮೇಲ್ಪದರದಲ್ಲಿ ಹರಳುಗಟ್ಟಿ ಚಕ್ಕೆ ಎಬ್ಬಿಸುತ್ತದೆ. ನೂರಾರು ವರ್ಷ ಏನೂ ಆಗದಿದ್ದ ಶಿಲ್ಪದ ಮುಖ ಹೀಗೆ ಕೆಲವೇ ವರ್ಷಗಳಲ್ಲಿ ಉದುರಬಹುದು.

ಗ್ರಾನೈಟ್ ನೆಲದ ತೊಂದರೆ ಮೊದಲು ಯಾರಿಗೂ ಕಾಣುವುದಿಲ್ಲ. ಹಳೇ ಚಪ್ಪಡಿಯ ಮೇಲೆ ಕಾಂಕ್ರೀಟು, ಅದರ ಮೇಲೆ ಗ್ರಾನೈಟ್ ಹಾಕಿದರೆ ಅಂಗಳ ಎತ್ತರವಾಗುತ್ತದೆ. ಗುಡಿಯ ಪಾಯದ ಕೆತ್ತನೆ ಹೂತುಹೋಗುತ್ತದೆ. ಹೊರಗೆ ಹರಿದುಹೋಗುತ್ತಿದ್ದ ಮಳೆನೀರು ಗುಡಿಯ ಕಡೆಗೇ ತಿರುಗುತ್ತದೆ. ಪೇಂಟು ಶಾಸನದ ಅಕ್ಷರದ ಒಳಗೆ ಕೂರುತ್ತದೆ. ಅದನ್ನು ತೆಗೆಯಲು ಮರಳು ಚಿಮ್ಮಿಸುವ ಮೆಷಿನ್ ತಂದರೆ ಉಳಿಯ ಗುರುತೇ ಅಳಿಸಿಹೋಗುತ್ತದೆ. ದೀಪದ ಮಸಿ ತೆಗೆಯಬೇಕಾದರೆ ನೀರು, ಮೆತ್ತಗಿನ ಬ್ರಷ್ ಹಿಡಿದು ನಿಧಾನವಾಗಿ ಮಾಡಿಸಿ. ಆಸಿಡ್ ಹತ್ತಿರವೂ ಸುಳಿಯದಿರಲಿ.

ಮೊದಲು ವಿಚಾರಿಸಬೇಕಾದ್ದು ಗುಡಿ ಯಾರ ರಕ್ಷಣೆಯಲ್ಲಿದೆ ಎನ್ನುವುದು. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಟ್ಟಿಯಲ್ಲಿದ್ದರೆ ಅವರ ಒಪ್ಪಿಗೆ ಇಲ್ಲದೆ ಏನೂ ಮಾಡುವಂತಿಲ್ಲ. 2010ರ ತಿದ್ದುಪಡಿಯ ಪ್ರಕಾರ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ರಾಜ್ಯದ ಪಟ್ಟಿಯ ಗುಡಿಗಳಿಗೆ 1961ರ ಕಾಯ್ದೆ ಇದೆ. ಮುಜರಾಯಿ ಗುಡಿಯಾದರೆ ಆ ಇಲಾಖೆಯನ್ನೂ ಕೇಳಬೇಕು. ಯಾವ ಪಟ್ಟಿಯಲ್ಲೂ ಇಲ್ಲದ ಗುಡಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಅವನ್ನು ಕಾಯುವವರು ನಿಮ್ಮಂಥ ಊರವರೇ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಪುರಾತತ್ವ ಇಲಾಖೆಯ ಜೊತೆ ಸೇರಿ ಇಂಥ ಎಷ್ಟೋ ಗುಡಿಗಳನ್ನು ಸರಿಪಡಿಸಿದೆ. ಅಲ್ಲಿ ಕೇಳಿ ನೋಡಿ.

ಕೆಲಸ ಶುರುಮಾಡುವ ಮುಂಚೆ ಮೂಲೆಮೂಲೆಯ ಫೋಟೋ ತೆಗೆದಿಡಿ. ಕಲ್ಲು ಬಿಚ್ಚಲೇಬೇಕಾದರೆ ಒಂದೊಂದಕ್ಕೂ ನಂಬರ್ ಕೊಟ್ಟು ಬಿಚ್ಚಿಸಿ, ಅದೇ ಜಾಗಕ್ಕೆ ಕೂರಿಸಿ. ಅಕ್ಷರ ಇರುವ ಕಲ್ಲು ಸಿಕ್ಕರೆ ಮೈಸೂರಿನಲ್ಲಿರುವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗಕ್ಕೆ ತಿಳಿಸಿ. ಚಂದಾ ಹಣದಲ್ಲಿ ಮೊದಲ ಪಾಲು ತಾರಸಿಗೆ ಹೋಗಲಿ: ಸಂದಿಯಲ್ಲಿ ಬೆಳೆದ ಅರಳಿ ಗಿಡವನ್ನು ಬೇರು ಸಮೇತ ತೆಗೆಸಿ, ಗಾರೆ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ ತಾರಸಿ ಮಾಡಿಸಿ, ನೀರು ಗುಡಿಯಿಂದ ದೂರ ಹರಿಯುವ ಹಾಗೆ ಚರಂಡಿ ಬಿಡಿಸಿ. ಗಾರೆ ನಿಧಾನಕ್ಕೆ ಗಟ್ಟಿಯಾಗುವ ಕಾರಣ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಊಟದ ಮನೆ, ಶೌಚಾಲಯ, ಶಾಮಿಯಾನ ಹಾಕುವ ಜಾಗ ಇವೆಲ್ಲ ಭಕ್ತರಿಗೆ ಬೇಕೇ ಬೇಕು. ಹಣ ಉಳಿದರೆ ಅವನ್ನು ಕಾನೂನು ಒಪ್ಪುವ ಕಡೆ, ಗುಡಿಯ ಗೋಡೆಗೆ ತಾಗದಂತೆ ಬೇರೆಯಾಗಿ ಕಟ್ಟಿಸಿ. ಅಲ್ಲಿ ಗ್ರಾನೈಟ್ ಹಾಕಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.