ತಲೆ ಸೋಕಿ ಗೋಲಾದ ಚೆಂಡು

2008ರ ಡಿಸೆಂಬರ್ 28ರ ರಾತ್ರಿ ಹನೋಯ್‌ನ ಮಿ ದಿನ್ ಕ್ರೀಡಾಂಗಣದಲ್ಲಿ ಆಗ್ನೇಯ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಎರಡು ಪಂದ್ಯಗಳ ಫೈನಲ್‌ನ ಎರಡನೇ ಪಂದ್ಯ ಮುಗಿಯುವ ಹಂತದಲ್ಲಿತ್ತು. ಬ್ಯಾಂಕಾಕ್‌ನ ಮೊದಲ ಪಂದ್ಯವನ್ನು 2–1ರಿಂದ ಗೆದ್ದಿದ್ದ ವಿಯೆಟ್ನಾಂ ಇಲ್ಲಿ ಥಾಯ್ಲೆಂಡ್ ಎದುರು ಒಂದು ಗೋಲಿನಿಂದ ಹಿಂದಿತ್ತು. ಇಂಜುರಿ ಟೈಮ್‌ನಲ್ಲಿ ನುಯೆನ್ ಮಿನ್ ಫುವಾಂಗ್ ಒದ್ದ ಫ್ರೀ ಕಿಕ್‌ಗೆ ಸ್ಟ್ರೈಕರ್ ಲೇ ಕಾಂಗ್ ವಿನ್ ಜಿಗಿದು ತಲೆ ತಾಗಿಸಿದರು. ಚೆಂಡು ಗೋಲ್‌ಕೀಪರ್‌ನನ್ನು ದಾಟಿ ಬಲೆ ಸೇರಿತು. ಎರಡೂ ಪಂದ್ಯ ಸೇರಿ 3–2ರಿಂದ ವಿಯೆಟ್ನಾಂ ಮೊದಲ ಬಾರಿಗೆ ಈ ಪ್ರಶಸ್ತಿ ಗೆದ್ದಿತು.

1985ರಲ್ಲಿ ನ್ಘೆ ಆನ್ ಪ್ರಾಂತ್ಯದಲ್ಲಿ ಹುಟ್ಟಿದ ಕಾಂಗ್ ವಿನ್ 2016ರಲ್ಲಿ ನಿವೃತ್ತರಾಗುವ ಹೊತ್ತಿಗೆ ದೇಶದ ಪರ 83 ಪಂದ್ಯಗಳಲ್ಲಿ 51 ಗೋಲು ಹೊಡೆದಿದ್ದರು. ಆ 51ರಲ್ಲಿ ವಿಜ್ಞಾನದ ಕಣ್ಣಿಗೆ ಅತ್ಯಂತ ಸೊಗಸಾಗಿ ಕಾಣುವುದು ಈ ಗೋಲೇ ಎಂಬುದು ನನ್ನ ಅಭಿಪ್ರಾಯ.

ಅವರು ಚೆಂಡನ್ನು ಹಣೆಯಿಂದ ಬಲವಾಗಿ ಗುದ್ದಲಿಲ್ಲ, ಅದು ಬರುತ್ತಿದ್ದ ದಾರಿಯನ್ನು ತಲೆಯಿಂದ ತುಸು ಬದಲಿಸಿದರು. ಫುಟ್‌ಬಾಲ್‌ನ ತೂಕ 410ರಿಂದ 450 ಗ್ರಾಂ. ವೇಗವಾಗಿ ಬರುವ ಚೆಂಡನ್ನು ಅದೇ ವೇಗದಲ್ಲಿ ಹಿಂದಕ್ಕಟ್ಟಲು ಅದರ ಸಂವೇಗವನ್ನು (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧವನ್ನು) ಪೂರ್ತಿ ತಿರುಗಿಸಬೇಕು. ವೇಗವನ್ನು ಹಾಗೆಯೇ ಉಳಿಸಿ ದಿಕ್ಕನ್ನು ಮಾತ್ರ 30 ಡಿಗ್ರಿಯಷ್ಟು ಬದಲಿಸುವುದಾದರೆ ಅದರ ಸುಮಾರು ಕಾಲು ಭಾಗದಷ್ಟು ಬದಲಾವಣೆ ಸಾಕು. ಹೊಡೆತದ ಶಕ್ತಿಯೆಲ್ಲ ಫ್ರೀ ಕಿಕ್ ಒದ್ದವನದೇ. ತಲೆ ಕೊಡಬೇಕಾದದ್ದು ಸರಿಯಾದ ಕೋನ. ಆದರೆ ಚೆಂಡು ತಲೆಗೆ ತಾಗಿರುವುದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಷ್ಟು ಹೊತ್ತು ಮಾತ್ರವಾದ್ದರಿಂದ, ತಾಗಿದ ಮೇಲೆ ತಿದ್ದಿಕೊಳ್ಳಲು ಅವಕಾಶವೇ ಇರುವುದಿಲ್ಲ. ಚೆಂಡು ಎಲ್ಲಿಗೆ ಬರುತ್ತದೆಂಬುದನ್ನು ಮಿದುಳು ಮೊದಲೇ ಊಹಿಸಿ, ಕಾಲು, ಬೆನ್ನು, ಕುತ್ತಿಗೆಗಳಿಗೆ ಆಜ್ಞೆ ಕಳಿಸಿರಬೇಕು.

ಗೋಲ್‌ಕೀಪರ್‌ನ ಕಷ್ಟ ಇದಕ್ಕಿಂತ ದೊಡ್ಡದು. ಆರು ಮೀಟರ್ ದೂರದಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬರುವ ಚೆಂಡು 0.4 ಸೆಕೆಂಡಿನಲ್ಲಿ ಗೋಲುಗೆರೆ ಮುಟ್ಟುತ್ತದೆ. ಕಣ್ಣು ಕಂಡದ್ದಕ್ಕೆ ದೇಹ ಸ್ಪಂದಿಸತೊಡಗಲು ಸುಮಾರು 0.2 ಸೆಕೆಂಡು ಬೇಕಾಗುವುದರಿಂದ, 7.32 ಮೀಟರ್ ಅಗಲದ ಗೋಲನ್ನು ಕಾಯಲು ಉಳಿಯುವುದು ಆ 0.4 ಸೆಕೆಂಡಿನ ಅರ್ಧ ಮಾತ್ರ. ಮೊದಲ ದಿಕ್ಕನ್ನು ನಂಬಿ ಹೆಜ್ಜೆ ಇಟ್ಟುಬಿಟ್ಟಿದ್ದರೆ ಆ ಅರ್ಧವೂ ಉಪಯೋಗಕ್ಕೆ ಬಾರದು.

ಹೆಡರ್‌ಗೆ, ಅಂದರೆ ತಲೆಯಿಂದ ಚೆಂಡು ಹೊಡೆಯಲು, ಜಿಗಿದ ಆಟಗಾರ ಗಾಳಿಯಲ್ಲಿ ನಿಂತಂತೆ ಕಾಣುವುದಕ್ಕೂ ಲೆಕ್ಕವಿದೆ. ಅರ್ಧ ಮೀಟರ್ ಜಿಗಿದವನು ಒಟ್ಟು 0.64 ಸೆಕೆಂಡು ಮೇಲಿರುತ್ತಾನೆ. ತುದಿಯ ಹತ್ತಿರ ವೇಗ ಕಡಿಮೆಯಾಗುವುದರಿಂದ ಅದರಲ್ಲಿ ಶೇ 70ರಷ್ಟು ಸಮಯ ಎತ್ತರದ ಮೇಲಿನ ಅರ್ಧದಲ್ಲೇ ಕಳೆಯುತ್ತದೆ.

ಜಿಗಿದವನು ಇಳಿಯಲೇಬೇಕು, ಆ ಭಾರ ಬೀಳುವುದು ಮಂಡಿಯ ಮೇಲೆ. 2010ರಲ್ಲಿ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಗಾಯದಿಂದಾಗಿ ಕಾಂಗ್ ವಿನ್ ಶಸ್ತ್ರಚಿಕಿತ್ಸೆಗೆ ಪೋರ್ಚುಗಲ್‌ಗೆ ಹೋಗಬೇಕಾಯಿತು, ಆ ವರ್ಷದ ಚಾಂಪಿಯನ್‌ಷಿಪ್ ಅವರ ಕೈತಪ್ಪಿತು. ಫುಟ್‌ಬಾಲ್ ಆಟಗಾರರು ಬಹಳ ಹೆದರುವುದು ಮಂಡಿಯ ಮುಂಭಾಗದ ಅಡ್ಡ ಲಿಗಮೆಂಟ್ ಹರಿಯುವುದಕ್ಕೆ. ತೊಡೆಮೂಳೆಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಈ ಪಟ್ಟಿ, ಯಾರೂ ಮೈಮೇಲೆ ಬೀಳದಿದ್ದರೂ, ಓಟ ತಡೆದು ಹಠಾತ್ತನೆ ತಿರುಗುವಾಗಲೇ ಹರಿಯಬಹುದು. ಅದರ ಜಾಗದಲ್ಲಿ ಸಾಮಾನ್ಯವಾಗಿ ಅದೇ ಆಟಗಾರನ ದೇಹದ ಬೇರೊಂದು ಸ್ನಾಯುರಜ್ಜುವನ್ನು ಕಸಿ ಮಾಡುತ್ತಾರೆ. ಕಸಿಯಾದ ರಜ್ಜು ಮೊದಲ ತಿಂಗಳುಗಳಲ್ಲಿ ದುರ್ಬಲವಾಗಿದ್ದು, ಹೊಸ ರಕ್ತನಾಳಗಳು ಬೆಳೆದಂತೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ವೈದ್ಯರು ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಕಾಯಿರಿ ಎನ್ನುತ್ತಾರೆ.

ಕಾಂಗ್ ವಿನ್ 2011ರಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಮಕಾವ್ ವಿರುದ್ಧ ಮತ್ತೆ ಗೋಲು ಹೊಡೆದರು, 2013ರಲ್ಲಿ ಜಪಾನಿನ ಸಪ್ಪೊರೊ ಕ್ಲಬ್‌ಗೆ ಆಡಿದರು. ವೇಗವನ್ನೇ ನಂಬಿದ ಒಬ್ಬ ಸ್ಟ್ರೈಕರ್ ಗಾಯದ ನಂತರವೂ ಐದು ವರ್ಷ ರಾಷ್ಟ್ರೀಯ ತಂಡದಲ್ಲಿ ಉಳಿದದ್ದನ್ನು ನಾನು ಆ ಹೆಡರ್‌ಗಿಂತ ಕಡಿಮೆ ಸಾಧನೆಯೆಂದು ಎಣಿಸುವುದಿಲ್ಲ.