ಆಲ, ಅತ್ತಿಯ ಜಾಗಕ್ಕೆ ನೀಲಗಿರಿ ಬಂದದ್ದು ಹೇಗೆ?

ಕಾಡಿನಲ್ಲಿ ಬೇರೆ ಹಣ್ಣು ಮುಗಿದ ಕಾಲದಲ್ಲೂ ಕುಟ್ರುಹಕ್ಕಿ, ಮಂಗಟ್ಟೆ, ಬಾವಲಿ, ಮುಸುವಗಳಿಗೆ ಎಲ್ಲೋ ಒಂದು ಆಲದಲ್ಲೋ ಅತ್ತಿಯಲ್ಲೋ ಹಣ್ಣಿರುತ್ತದೆ. ಕಾರಣ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಣಜ. ಈ ಮರಗಳ ಹೂವು ಕಾಯಿಯೊಳಗೇ ಅಡಗಿರುತ್ತದೆ. ಹೆಣ್ಣು ಕಣಜ ಕಾಯಿಯ ತುದಿಯ ಕಂಡಿಯಲ್ಲಿ ನುಸುಳಿ, ರೆಕ್ಕೆ ಕಳೆದುಕೊಂಡು, ಪರಾಗ ಹಚ್ಚಿ, ಮೊಟ್ಟೆಯಿಟ್ಟು ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಅದರ ಮರಿಗಳು ಹೊರಬಂದ ಮೇಲೆ ಬದುಕುವುದು ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ ಇನ್ನೊಂದು ಮರದಲ್ಲಿ ಎಳೆಗಾಯಿ ಸಿಗಬೇಕು. ಹಾಗಾಗಿ ಒಂದು ಸೀಮೆಯ ಆಲಗಳೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಮರಗಳು ತೀರಾ ವಿರಳವಾದರೆ ಕಣಜಕ್ಕೂ ನೆಲೆಯಿಲ್ಲ, ಹಣ್ಣೂ ಬಲಿಯುವುದಿಲ್ಲ.

ದಾರಿಬದಿಗೆ ಆಲ ನೆಡಿಸಿದ್ದಾಗಿ ಅಶೋಕ ತನ್ನ ಏಳನೇ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ದನಕರು, ಮನುಷ್ಯರಿಗೆ ನೆರಳಾಗಲಿ ಎಂದು. ಹಳೇ ಮೈಸೂರಿನ ಗುಂಡುತೋಪು, ಸಾಲುಮರ, ಅರಳಿಕಟ್ಟೆಗಳದ್ದೂ ಇದೇ ಜಾಡು. ನೀಲಗಿರಿ ಆಸ್ಟ್ರೇಲಿಯಾ ಕಡೆಯದು. ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ಅದನ್ನು ಬೆಳೆಸಿದ್ದ. ಆದರೆ ಅದು ಹೊಲ, ಗೋಮಾಳಗಳಿಗೆ ನುಗ್ಗಿದ್ದು 1980ರ ದಶಕದಲ್ಲಿ, ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಹೊತ್ತಿಗೆ. ಬೇಗ ಬೆಳೆಯುತ್ತದೆ, ಕಾಗದ ಮತ್ತು ರೇಯಾನ್ ಕಾರ್ಖಾನೆಗಳು ಕೊಳ್ಳುತ್ತವೆ ಎಂಬುದು ಒಂದು ಲೆಕ್ಕ. ಇನ್ನೊಂದು, ನನ್ನ ಪ್ರಕಾರ ಅದೇ ದೊಡ್ಡದು: ಆಡು ಅದಕ್ಕೆ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚಿಲ್ಲ. ಆಡಿಗೆ ಬೇಡವಾದ ಸೊಪ್ಪು ಇಲ್ಲಿನ ಬಹುಪಾಲು ಹುಳಹುಪ್ಪಟೆಗಳಿಗೂ ಬೇಡ. ಹೂವಿಗೆ ಜೇನು ಬರುತ್ತದೆ, ಅಷ್ಟು ಒಪ್ಪಬೇಕು. ಹಣ್ಣು ತಿನ್ನುವ ಹಕ್ಕಿಗೆ ಮಾತ್ರ ಅಲ್ಲಿ ಏನೂ ಇಲ್ಲ.

ಜನ ಸುಮ್ಮನಿರಲಿಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. 1987ರ ನವೆಂಬರ್‌ನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಕಿತ್ತು ಜನಕ್ಕೆ ಬೇಕಾದ ಗಿಡ ನೆಡುವ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಸಾಮೂಹಿಕ ಜಮೀನನ್ನು ನೆಡುತೋಪಿಗೆ ಕೊಟ್ಟದ್ದರ ವಿರುದ್ಧ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ನಿಷೇಧದಿಂದ ಆಲ ತಾನಾಗಿ ಬರುವುದಿಲ್ಲ. ಪಾಲಿಥೀನ್ ಚೀಲದ ಒಂದಡಿ ಸಸಿಯನ್ನು ಬಯಲಲ್ಲಿಟ್ಟರೆ ಆಡಿನ ಪಾಲು. ಹಿಂದಿನವರು ಆಲದ ಕೊಂಬೆಯನ್ನೇ ಕಡಿದು ಎತ್ತರದ ಗೂಟವಾಗಿ ನೆಡುತ್ತಿದ್ದುದೇ ಚಿಗುರು ಆಡಿನ ಬಾಯಿಗೆ ಎಟಕದಿರಲಿ ಎಂದು. ತೋಳಿನ ದಪ್ಪದ, ಏಳೆಂಟು ಅಡಿಯ ನೇರ ಕೊಂಬೆ ಆರಿಸಿ. ಬುಡವನ್ನು ಓರೆಯಾಗಿ, ತುದಿಯನ್ನು ಸಮನಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಪ್ರಮಾದ ತಪ್ಪುತ್ತದೆ. ಎಲೆ ತೆಗೆದು, ಹಾಲು ಸೋರಿ ಒಣಗಲು ಒಂದು ದಿನ ನೆರಳಲ್ಲಿಡಿ. ತುದಿಗೆ ಸಗಣಿ, ಕೆಮ್ಮಣ್ಣು ಮೆತ್ತಿ. ಮುಂಗಾರು ಹಿಡಿಯುವ ಮುನ್ನ ಎರಡಡಿ ಆಳಕ್ಕೆ ಇಳಿಸಿ, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿ. ನೀರು ನಿಂತರೆ ಬುಡ ಕೊಳೆಯುತ್ತದೆ.

ಮೂರ್ನಾಲ್ಕು ವಾರಕ್ಕೆ ಚಿಗುರು ಬಂತೆಂದು ನೀರು ನಿಲ್ಲಿಸುವವರೇ ಹೆಚ್ಚು. ಆ ಚಿಗುರು ಕೊಂಬೆಯಲ್ಲಿ ಉಳಿದಿದ್ದ ಕಸುವಿನದು, ಬೇರಿನದಲ್ಲ. ಬೇರು ಬಿಟ್ಟಿದೆಯೇ ಎಂದು ಅಲ್ಲಾಡಿಸಿ ನೋಡಿದರೆ ಎಳೆಬೇರು ಹರಿಯುತ್ತದೆ. ಮಳೆ ನಿಂತ ಮೇಲೂ ಮೊದಲೆರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಬೇಕು. ಗೂಟದ ಸುತ್ತ ಮುಳ್ಳು ಕಟ್ಟಿ. ಎಮ್ಮೆ ಮೈ ಉಜ್ಜಿದರೂ ಗೂಟ ಸಡಿಲ.

ಅರಳಿ ಗೂಟದಿಂದ ಅಷ್ಟು ಸುಲಭಕ್ಕೆ ಬಾರದು, ಬೀಜವೇ ಮೇಲು. ಮಾಗಿದ ಹಣ್ಣು ನೀರಲ್ಲಿ ಹಿಸುಕಿ: ತೇಲುವುದು ಜೊಳ್ಳು, ಮುಳುಗುವುದು ಕಾಳು. ಸೋಸಿದ ಮರಳಿನ ಮೇಲೆ ಉದುರಿಸಿ, ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ನೀರು ಹನಿಹನಿಯಾಗಿ ಚಿಮುಕಿಸಿ.

ಮರದಿಂದ ಮರಕ್ಕೆ 40 ಅಡಿ ಇರಲಿ. ಬಾವಿ, ಗೋಡೆ, ಕರೆಂಟ್ ತಂತಿಗಳಿಂದ ದೂರವಿರಲಿ. ಎಲ್ಲ ಗೂಟವನ್ನೂ ಒಂದೇ ತಾಯಿಮರದಿಂದ ಕಡಿದರೆ ಅವುಗಳ ಹಣ್ಣಿನ ಕಾಲವೂ ಒಟ್ಟಿಗೇ ಬೀಳಬಹುದು, ಆಮೇಲೆ ತಿಂಗಳುಗಟ್ಟಲೆ ಖಾಲಿ. ನಾಲ್ಕೈದು ಬೇರೆಬೇರೆ ಮರಗಳಿಂದ ತನ್ನಿ, ನಡುನಡುವೆ ಆಲದ್ದೇ ಕುಲದ ಬಸರಿ, ಗೋಣಿ ಮರಗಳನ್ನು ಸೇರಿಸಿ. ಹಳ್ಳದ ದಂಡೆ ಸಿಕ್ಕರೆ ಅಲ್ಲಿ ಅತ್ತಿಯೇ ಸರಿ.