ಬೈಕ್ ನಿಲ್ಲಿಸಿ ಕೂಲಿ ಕೇಳಿದವರು

ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿ ನೋಡುವವರಿಗೆ ರೇಸರ್ ಅಂದರೆ ಕಂಪನಿ ಸಂಬಳ, ಮ್ಯಾನೇಜರ್, ಸುತ್ತ ಮೆಕ್ಯಾನಿಕ್‌ಗಳ ದಂಡು ಇರುವವನು. ಆದರೆ ಇದು ಹೊಟ್ಟೆ ತುಂಬಿಸುವ ಕಸುಬಾಗಿದ್ದು ತಡವಾಗಿ. ಅದೂ ಸವಾರರು ಆಗಾಗ ಬೈಕ್ ನಿಲ್ಲಿಸಿ ಜಗಳಕ್ಕೆ ನಿಂತಿದ್ದರಿಂದ.

ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದು 1949ರಲ್ಲಿ. ಆಗ ಫ್ಯಾಕ್ಟರಿ ಸಂಬಳ ಇದ್ದವರು ಬೆರಳೆಣಿಕೆಯಷ್ಟು. ಉಳಿದವರು ಸ್ವಂತ ದುಡ್ಡಲ್ಲಿ ನಾರ್ಟನ್ನೋ ಎಜೆಎಸ್ಸೋ ಬೈಕ್ ಕೊಂಡು, ವ್ಯಾನಿಗೆ ಹಾಕಿಕೊಂಡು ಯುರೋಪಿನ ಊರೂರು ಸುತ್ತುತ್ತಿದ್ದರು. ಮಲಗುವುದು ಅದೇ ವ್ಯಾನಿನಲ್ಲಿ. ಎಂಜಿನ್ ಬಿಚ್ಚಿ ಜೋಡಿಸುವುದೂ ಅವರೇ. ಅವರ ಬದುಕು ನಡೆಯುತ್ತಿದ್ದುದು ಬಹುಮಾನದಿಂದಲ್ಲ, ‘ಸ್ಟಾರ್ಟ್ ಮನಿ’ಯಿಂದ. ಅಂದರೆ ಗೆಲ್ಲಲಿ ಸೋಲಲಿ, ಬಂದು ಓಡಿಸಿದ್ದಕ್ಕೆ ಸಂಘಟಕರು ಕೊಡುವ ಹಣ. ತಮಾಷೆ ಏನೆಂದರೆ, ಇದರಲ್ಲಿ ಗ್ರ್ಯಾನ್ ಪ್ರಿಗಳದ್ದೇ, ಅಂದರೆ ಚಾಂಪಿಯನ್‌ಷಿಪ್ ರೇಸ್‌ಗಳದ್ದೇ ಬಿಗಿ ಕೈ. ಚಾಂಪಿಯನ್‌ಷಿಪ್ ಅಂಕದ ಆಸೆಗೆ ಸವಾರರು ಹೇಗೂ ಬರುತ್ತಾರಲ್ಲ!

1955ರ ಜುಲೈನಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಇದು ಸಿಡಿಯಿತು. ಹಣ ಜಾಸ್ತಿ ಮಾಡಿ ಎಂದು ಕೇಳಿದ ಖಾಸಗಿ ಸವಾರರಿಗೆ ಸಂಘಟಕರು ಆಗಲ್ಲ ಎಂದರು. 350 ಸಿಸಿ ರೇಸ್ ಶುರುವಾದಾಗ ಇವರೂ ಹೊರಟರು, ನಿಧಾನಕ್ಕೆ ಒಂದೇ ಸುತ್ತು ಹಾಕಿ ಪಿಟ್‌ಗೆ ಬಂದು ನಿಂತರು. ಸ್ಟಾರ್ಟ್ ಮಾಡಿದ್ದಾಯಿತು, ಲೆಕ್ಕ ಚುಕ್ತಾ! ಆ ಹೊತ್ತಿನ ದೊಡ್ಡ ಹೆಸರು ಜೆಫ್ ಡ್ಯೂಕ್. ಜಿಲೆರಾ ಫ್ಯಾಕ್ಟರಿ ತಂಡದ ಸವಾರ, ಅವರಿಗೆ ಈ ಚಿಲ್ಲರೆ ಹಣದ ಚಿಂತೆ ಇರಲಿಲ್ಲ. ಆದರೂ 500 ಸಿಸಿ ರೇಸ್‌ಗೆ ಮುಂಚೆ ಅವರು ಬಡ ಸವಾರರ ಪರ ನಿಂತರು. ಸಂಘಟಕರು ಬಗ್ಗಿದರು. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂ ಬಗ್ಗಲಿಲ್ಲ. ಡ್ಯೂಕ್‌ರನ್ನೂ ಇನ್ನೂ ಹಲವರನ್ನೂ ಆರು ತಿಂಗಳು ಅಮಾನತು ಮಾಡಿತು. 1956ರ ಮೊದಲ ರೇಸ್‌ಗಳು ಅವರ ಕೈತಪ್ಪಿದವು. ಆ ವರ್ಷದ 500 ಸಿಸಿ ಪಟ್ಟ ಎಂವಿ ಅಗುಸ್ಟಾ ತಂಡದ ಜಾನ್ ಸರ್ಟೀಸ್‌ಗೆ ಹೋಯಿತು. ಡ್ಯೂಕ್‌ಗೆ ಮತ್ತೆ ವಿಶ್ವ ಪಟ್ಟ ಸಿಗಲೇ ಇಲ್ಲ. ಬೇರೆಯವರ ಕೂಲಿಗಾಗಿ ಇಷ್ಟು ದೊಡ್ಡ ಬೆಲೆ ಕೊಟ್ಟ ಚಾಂಪಿಯನ್ ಈ ಆಟದಲ್ಲಿ ನನಗಂತೂ ಇನ್ನೊಬ್ಬರು ಕಾಣುವುದಿಲ್ಲ.

ಮುಂದಿನ ಜಗಳ ಜೀವದ್ದು. ಆಗ ವಿಶ್ವ ಚಾಂಪಿಯನ್‌ಷಿಪ್‌ನ ಭಾಗವಾಗಿದ್ದ, ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್ ನಡೆಯುವುದು 60 ಕಿ.ಮೀ. ಉದ್ದದ ಸಾಮಾನ್ಯ ರಸ್ತೆಯಲ್ಲಿ. ಪಕ್ಕದಲ್ಲೇ ಕಲ್ಲಿನ ಗೋಡೆ, ಮನೆ, ಕಂಬ. 1972ರಲ್ಲಿ ಮಳೆಯ ನಡುವೆ ಇಟಲಿಯ ಸವಾರ ಜಿಲ್ಬೆರ್ಟೊ ಪಾರ್ಲೋಟ್ಟಿ ಅಲ್ಲಿ ಸತ್ತರು. ಗೆಳೆಯ ಜಾಕೊಮೊ ಅಗೊಸ್ಟಿನಿ ಇನ್ನು ಇಲ್ಲಿ ರೇಸ್‌ಗೆ ಬರಲ್ಲ ಎಂದರು, ರೇಸ್‌ಗೆ ಬರಲೂ ಇಲ್ಲ. 15 ವಿಶ್ವ ಪಟ್ಟ ಗೆದ್ದವರೇ ಬರದಿದ್ದರೆ ಅದೆಂಥ ವಿಶ್ವ ಚಾಂಪಿಯನ್‌ಷಿಪ್, ಅಲ್ವಾ? 1976ರ ನಂತರ ಟಿಟಿಗೆ ವಿಶ್ವ ಚಾಂಪಿಯನ್‌ಷಿಪ್ ಸ್ಥಾನ ಹೋಯಿತು.

1979ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಹೊಸದಾಗಿ ಹಾಕಿದ ಡಾಂಬರು ಜಾರುತ್ತಿತ್ತು. ಮುಂಚೂಣಿಯ ಸವಾರರು ಓಡಿಸಲು ಒಪ್ಪಲಿಲ್ಲ. ಅದೇ ವರ್ಷ ಅಮೆರಿಕದ ಚಾಂಪಿಯನ್ ಕೆನ್ನಿ ರಾಬರ್ಟ್ಸ್ ಮತ್ತು ಜೊತೆಗಾರರು ‘ವರ್ಲ್ಡ್ ಸೀರೀಸ್’ ಎಂಬ ಬೇರೆ ಸರಣಿಯನ್ನೇ ಮಾಡುತ್ತೇವೆ ಎಂದರು. ಆ ಸರಣಿ ನಡೆಯಲಿಲ್ಲ. ಆದರೆ ಬೆದರಿಕೆ ಕೆಲಸ ಮಾಡಿತು, ಎಫ್‌ಐಎಂ ಬಹುಮಾನದ ಹಣ ಏರಿಸಿತು.

1992ರಲ್ಲಿ ಚಾಂಪಿಯನ್‌ಷಿಪ್‌ನ ವಾಣಿಜ್ಯ ಹಕ್ಕು ಹಿಡಿದು ಡೋರ್ನಾ ಕಂಪನಿ ಬಂದ ಮೇಲೆ ಟಿವಿ ಹಣ ತಂಡಗಳಿಗೆ ಹೋಗತೊಡಗಿತು. ಮೇಲಿನ ಸಾಲಿನವರಿಗೆ ಕೋಟಿಗಳು. ಕೆಳಗಿನ ದರ್ಜೆಗಳಾದ ಮೋಟೋ2, ಮೋಟೋ3ಗಳಲ್ಲಿ ಇವತ್ತಿಗೂ ಪ್ರಾಯೋಜಕರ ದುಡ್ಡು ತಂದು ಸೀಟು ಹಿಡಿಯುವವರಿದ್ದಾರೆ. 2003ರಲ್ಲಿ ಜಪಾನಿನ ಸುಜುಕಾ ರೇಸ್‌ನಲ್ಲಿ ಬಿದ್ದ ಸವಾರ ಡೈಜಿರೊ ಕಾಟೊ ಸತ್ತ ಮೇಲೆ ಸುರಕ್ಷತಾ ಸಮಿತಿ ಹುಟ್ಟಿತು. ಟ್ರ್ಯಾಕ್ ಬಗ್ಗೆ ಸವಾರರು ಅಲ್ಲಿ ಮಾತಾಡಬಹುದು. ದುಡ್ಡಿನ ಮಾತು ಮಾತ್ರ ಅವರವರ ಮ್ಯಾನೇಜರ್‌ಗೆ ಬಿಟ್ಟಿದ್ದು.

ಇದರ ಪರಿಣಾಮ 2022ರ ಆಗಸ್ಟ್‌ನಲ್ಲಿ ಕಂಡಿತು. ಮುಂದಿನ ವರ್ಷದಿಂದ ಪ್ರತಿ ಗ್ರ್ಯಾನ್ ಪ್ರಿಯ ಶನಿವಾರವೂ ಅರ್ಧ ದೂರದ ಸ್ಪ್ರಿಂಟ್ ರೇಸ್ ಎಂದು ಘೋಷಣೆ ಆಯಿತು. ಸ್ಟಾರ್ಟ್‌ಗಳು ಎರಡು ಪಟ್ಟು, ಬೀಳುವ ಅವಕಾಶವೂ ಜಾಸ್ತಿ. ನಮ್ಮನ್ನು ಕೇಳಲೇ ಇಲ್ಲ ಎಂದು ಹಲವು ಸವಾರರು ಗೊಣಗಿದರು. 2023ರಲ್ಲಿ ಎಲ್ಲರೂ ಶನಿವಾರವೂ ಗ್ರಿಡ್‌ಗೆ ಬಂದರು. ಯಾರೂ ಬೈಕ್ ನಿಲ್ಲಿಸಲಿಲ್ಲ.